ಕಂಚಿನ ಬಿಲ್ಲಾ

ಬೆಂಗಳೂರಿನಿಂದ ಪುಣೆಗೆ ರಾತ್ರಿ ಬಸ್ಸು ಹತ್ತುವವರಿಗೆ ನಮ್ಮ ಕಡೆಯ ಪರಿಚಯ ಇಷ್ಟೇ: ಬೆಳಗಿನ ಜಾವ ಯಾವಾಗಲೋ ಕಣ್ಣು ಬಿಟ್ಟಾಗ ನಿಪ್ಪಾಣಿ ಅಂತ ಒಂದು ಬೋರ್ಡು, ಸ್ವಲ್ಪ ಹೊತ್ತಿಗೆ ಕೊಗನೊಳ್ಳಿ ಟೋಲು, ಆಮೇಲೆ ಕಾಗಲ್, ಅಂದ್ರೆ ಮಹಾರಾಷ್ಟ್ರ. ಹೆದ್ದಾರಿ ಬಿಟ್ಟು ಪೂರ್ವಕ್ಕೆ ಹೊರಳಿದರೆ ಚಿಕ್ಕೋಡಿ, ಅದರಾಚೆ ರಾಯಬಾಗ, ಕೃಷ್ಣೆ ದಾಟಿದರೆ ಅಥಣಿ, ಕಾಗವಾಡ. ಕಬ್ಬು, ತಂಬಾಕು, ಒಂದೇ ಮಾತಿನಲ್ಲಿ ಕನ್ನಡ-ಮರಾಠಿ ಎರಡನ್ನೂ ಆಡುವ ಮಂದಿ, ದೊಡ್ಡ ಕಾಯಿಲೆ ಬಂದ್ರೆ ಮೀರಜ್ ದವಾಖಾನೆ. ಮತ್ತೆ ಮಿಲ್ಟ್ರಿ. ಬೆಳಗಾವಿಯಲ್ಲೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರೋದರಿಂದ, ಸೈನ್ಯಕ್ಕೆ ಹೋದವರಿಲ್ಲದ ಓಣಿ ನಮ್ಮ ಹಳ್ಳಿಗಳಲ್ಲಿ ಕಡಿಮೆ.

ಈ ಬರಹ ಶುರುವಾಗಿದ್ದು ಒಂದು ಆಗಸ್ಟ್ 15ರಂದು. ನಾನು ಲಾಂಗ್ ವೀಕೆಂಡ್ ಅಂತ ಊರಿಗೆ ಹೋಗಿದ್ದೆ. ಶಾಲೆಯ ಮೈದಾನದಲ್ಲಿ ಧ್ವಜ ಹಾರಿಸುವಾಗ ಮಾಜಿ ಸೈನಿಕರಿಗೆಲ್ಲ ಮುಂದಿನ ಸಾಲು. ಎಲ್ಲರ ಎದೆಯ ಮೇಲೂ ಪದಕಗಳು. ಅವರಲ್ಲಿ ನಮ್ಮ ಓಣಿಯ ಕಾಕಾ ಕೂಡ ಇದ್ದರು. ವಯಸ್ಸು ಎಪ್ಪತ್ತು ದಾಟಿದೆ. 1968ರಲ್ಲಿ ಸೈನ್ಯ ಸೇರಿದವರು, ಆದರೆ ಬಂದೂಕಿನ ಕೆಲಸಕ್ಕಲ್ಲ. ಅವರು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್. ಕಟ್ಟು ಕಟ್ಟೋದು, ಇಂಜೆಕ್ಷನ್ ಕೊಡೋದು, ರಾತ್ರಿಯಿಡೀ ವಾರ್ಡಿನಲ್ಲಿ ಎಚ್ಚರ ಇರೋದು.

ಕಾಕಾನ ಎದೆಯ ಮೇಲೆ ಎರಡೇ ಪದಕ. ಒಂದು 9 ವರ್ಷದ ದೀರ್ಘ ಸೇವೆಯದು. ಇನ್ನೊಂದು 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆಲ್ಲ ಕೊಟ್ಟ, ಸ್ವಾತಂತ್ರ್ಯದ 25ನೇ ವರ್ಷದ ಪದಕ. ಪಕ್ಕದಲ್ಲಿ ಕೂತಿದ್ದ ಅವರ ಗೆಳೆಯರು ಪಾಯದಳದವರು, 1971ರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿದ್ದವರು. ಅವರ ಎದೆಯ ಮೇಲೆ ಪಶ್ಚಿಮೀ ಸ್ಟಾರ್.

ಅವತ್ತು ಸಂಜೆ ಕಾಕಾ ನಮ್ಮನೆಗೆ ಬಂದರು. ಚಹಾ ಕುಡಿದರು. ಆಮೇಲೆ ನಿಧಾನಕ್ಕೆ ವಿಷಯಕ್ಕೆ ಬಂದರು.

"ತಮ್ಮಾ, ನೀ ಕಂಪ್ಯೂಟರ್ ಮಂದ್ಯಾಗ ಇರಾಂವ. ಒಂದ್ ನೋಡಿ ಹೇಳು. ನನಗ ಸ್ಟಾರ್ ಬರಬೇಕಾಗಿತ್ತೋ, ಇಲ್ಲೋ?"

1971ರ ಡಿಸೆಂಬರ್‌ನಲ್ಲಿ ಕಾಕಾ ಇದ್ದಿದ್ದು ಪುಣೆಯ ಒಂದು ಮಿಲಿಟರಿ ಆಸ್ಪತ್ರೆಯಲ್ಲಿ. ಗಡಿಯಿಂದ ಗಾಯಾಳುಗಳು ಬರ್ತಿದ್ದರು.

"ನಮ್ಮ ಗೆಳೆಯ ಗುಂಡು ಹೊಡದ, ಅದು ಖರೆ. ಆದ್ರ ಗುಂಡು ಬಿದ್ದವರನ್ನ ನೋಡಿದಾಂವ ನಾ. ಯುದ್ಧ ಹದಿನಾಲ್ಕು ದಿನಕ್ಕ ಮುಗೀತು. ನಮ್ಮ ವಾರ್ಡಿನ್ಯಾಗ ಮುಗೀಲಿಲ್ಲ."

ಇಷ್ಟು ಹೇಳಿ ಕಾಕಾ ಜೇಬಿನಿಂದ ಇನ್ನೊಂದು ವಸ್ತು ತೆಗೆದರು. ಅದು ಅವರ ಅಜ್ಜನದು. ಮನೆಯಲ್ಲಿ ಎಲ್ಲರೂ ಅದಕ್ಕೆ 'ಬಿಲ್ಲಾ' ಅಂತಾರೆ. ದುಂಡಗಿನ, ಕಂದು ಬಣ್ಣದ ಪದಕ, ರಿಬ್ಬನ್ ಇಲ್ಲ. ಒಂದು ಮುಖದಲ್ಲಿ ಐದನೇ ಜಾರ್ಜ್ ದೊರೆಯ ತಲೆ. ಇನ್ನೊಂದರಲ್ಲಿ ಕುದುರೆಯ ಮೇಲೆ ಕೂತ ಒಬ್ಬ ಮನುಷ್ಯ, 1914, 1918 ಅನ್ನೋ ಎರಡು ಇಸವಿ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ನಂಬರು, ಒಂದು ಹೆಸರು, ಲೇಬರ್ ಕೋರ್ ಅಂತ. ಅಜ್ಜ ಮೆಸೊಪೊಟೇಮಿಯಾದಲ್ಲಿ, ಅಂದ್ರೆ ಇವತ್ತಿನ ಇರಾಕಿನಲ್ಲಿ, ಗಾಯಾಳುಗಳನ್ನು ಹೊತ್ತಿದ್ದ ಅನ್ನೋದು ಮನೆಯ ಮಾತು.

"ನಮ್ಮಪ್ಪ ಇದನ್ನ ನಿಪ್ಪಾಣಿಗೆ ಒಯ್ದು ಅಕ್ಕಸಾಲಿಗನ ಹತ್ರ ಕೊಟ್ಟಿದ್ನಂತ. ಬೆಳ್ಳಿ ಅಲ್ಲ, ಬ್ಯಾಡ ಅಂದ್ನಂತ ಅಂವಾ. ಅದಕ್ಕ ಉಳದೈತಿ."

ಎರಡು ಪ್ರಶ್ನೆ ಹೊತ್ತುಕೊಂಡು ನಾನು ಬೆಂಗಳೂರಿಗೆ ವಾಪಸ್ ಬಂದೆ. ಕಾಕಾನಿಗೆ ಸ್ಟಾರ್ ಯಾಕಿಲ್ಲ? ಅಜ್ಜನ ಪದಕ ಬೆಳ್ಳಿಯದ್ಯಾಕಲ್ಲ? ಮೊದಲು ಎರಡೂ ಒಂದೇ ಪ್ರಶ್ನೆ ಅಂದ್ಕೊಂಡಿದ್ದೆ. ಅಲ್ಲ ಅಂತ ಗೊತ್ತಾಗೋಕೆ ಸುಮಾರು ಒಂದೂವರೆ ಶತಮಾನದಷ್ಟು ಹಿಂದಕ್ಕೆ ಹೋಗಬೇಕಾಯ್ತು.

ಮೊದಲು ಒಂದು ಸಣ್ಣ ಪಾಠ. ಮಿಲಿಟರಿ ಪದಕಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಶೌರ್ಯದ್ದು: ಪರಮವೀರ ಚಕ್ರ, ಮಹಾವೀರ ಚಕ್ರ, ಅಶೋಕ ಚಕ್ರ ಇತ್ಯಾದಿ. ಇದಕ್ಕೆ ಯಾರೋ ನೋಡಿರಬೇಕು, ಯಾರೋ ಬರೆದು ಮೇಲಕ್ಕೆ ಕಳಿಸಬೇಕು, ಯಾರೋ ಒಪ್ಪಬೇಕು. ಇನ್ನೊಂದು ಸೇವೆಯದು. ಇದು ಒಂಥರಾ ನಮ್ಮ ಆಫೀಸಿನ ಸ್ವೈಪ್ ಕಾರ್ಡಿನ ಲೆಕ್ಕ. ನೀನು ಎಷ್ಟು ಧೈರ್ಯವಂತ ಅಂತ ಯಾರೂ ಕೇಳಲ್ಲ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಯಾವ ಜಾಗದಲ್ಲಿ, ಯಾವ ಘಟಕದ ಹಾಜರಿಯಲ್ಲಿ ಇದ್ದೆ, ಅಷ್ಟೇ. ದೀರ್ಘ ಸೇವೆಗೆ 9, 20, 30 ವರ್ಷದ ಪದಕಗಳಿವೆ. 1971ರ ಯುದ್ಧಕ್ಕೆ ಪೂರ್ವೀ ಸ್ಟಾರ್, ಪಶ್ಚಿಮೀ ಸ್ಟಾರ್, ಸಂಗ್ರಾಮ್ ಮೆಡಲ್ ಅಂತ ಮೂರು. ಸ್ಟಾರ್ ಬೇಕಂದ್ರೆ ಗೊತ್ತುಮಾಡಿದ ಯುದ್ಧ ವಲಯದೊಳಗೆ ಇದ್ದಿರಬೇಕು.

ಅಂದ್ರೆ ಎಲ್ಲ ಪದಕದ ಹಿಂದೆಯೂ ಯಾರೋ ಎಳೆದ ಒಂದು ಗೆರೆ ಇದೆ. ಗೆರೆಯ ಈಚೆ ಇದ್ದವನಿಗೆ ಸಿಗುತ್ತೆ, ಆಚೆ ಇದ್ದವನಿಗೆ ಇಲ್ಲ. ಆ ಗೆರೆ ಯಾವುದರ ಮೇಲೆ ಎಳೆದಿದ್ದು ಅನ್ನೋದೇ ನಿಜವಾದ ಪ್ರಶ್ನೆ.

ಈಸ್ಟ್ ಇಂಡಿಯಾ ಕಂಪನಿ 1837ರಲ್ಲಿ ತನ್ನ ಭಾರತೀಯ ಸಿಪಾಯಿಗಳಿಗಾಗಿ 'ಆರ್ಡರ್ ಆಫ್ ಮೆರಿಟ್' ಶುರು ಮಾಡಿತು. 1856ರಲ್ಲಿ ಬ್ರಿಟನ್ನಿನ ರಾಣಿ ವಿಕ್ಟೋರಿಯಾ ಕ್ರಾಸ್ ಸ್ಥಾಪಿಸಿದಳು. ಮರುವರ್ಷವೇ 1857ರ ಹೋರಾಟ. ಸೆಪ್ಟೆಂಬರ್ 26ರಂದು ಲಕ್ನೋದ ಬೀದಿಗಳಲ್ಲಿ ಬ್ರಿಟಿಷರ ಗಾಯಾಳುಗಳನ್ನು ಡೋಲಿಗಳಲ್ಲಿ ಹೊತ್ತು ಸಾಗಿಸುತ್ತಿದ್ದಾಗ ಸುತ್ತಲಿಂದ ಗುಂಡಿನ ದಾಳಿ ನಡೆಯಿತು. ಗಾಯಾಳುಗಳ ಹೊಣೆ ಹೊತ್ತಿದ್ದ ಸರ್ಜನ್ ಆಂಟನಿ ಹೋಮ್ ಕೆಲವೇ ಜನರೊಂದಿಗೆ ಒಂದು ಮನೆಯಲ್ಲಿ ಸಿಕ್ಕಿಕೊಂಡು ಅವರನ್ನು ಕಾಪಾಡಲು ಹೆಣಗಿದ. ಅವನಿಗೆ ವಿಕ್ಟೋರಿಯಾ ಕ್ರಾಸ್ ಬಂತು, ಬರಬೇಕಾದದ್ದೇ.

ಡೋಲಿ ಹೊತ್ತವರು? ಅವರಲ್ಲಿ ಹಲವರು ಡೋಲಿ ಇಳಿಸಿ ಓಡಿಹೋದರು ಅಂತ ಇತಿಹಾಸದ ಪುಸ್ತಕಗಳು ಹೇಳುತ್ತವೆ. ಆ ಪುಸ್ತಕಗಳು ಹೇಳದೇ ಬಿಡೋ ಮಾತು ಇನ್ನೊಂದಿದೆ. ಅವರು ಓಡದೇ ಕೊನೆಯ ಉಸಿರಿನವರೆಗೆ ಅಲ್ಲೇ ನಿಂತಿದ್ದರೂ ಆ ಪದಕ ಅವರಿಗೆ ಸಿಗುವಂತಿರಲಿಲ್ಲ. ವಿಕ್ಟೋರಿಯಾ ಕ್ರಾಸ್ ಭಾರತೀಯ ಸೈನಿಕರಿಗೂ ಸಿಗಬಹುದು ಅಂತ ನಿಯಮ ಬದಲಾಗಿದ್ದು 1911ರಲ್ಲಿ, ದೆಹಲಿ ದರ್ಬಾರಿನ ಹೊತ್ತಿಗೆ. ಅದೂ ಸೈನಿಕರಿಗೆ. ಡೋಲಿ ಹೊರುವವನು ಸೈನಿಕನ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅವನು 'ಫಾಲೋವರ್'.

ಇವತ್ತು ಫಾಲೋವರ್ಸ್ ಜಾಸ್ತಿ ಇದ್ದವರು ದೊಡ್ಡ ಮನುಷ್ಯರು. ಆಗಿನ ಸೈನ್ಯದಲ್ಲಿ ಫಾಲೋವರ್ ಅಂದ್ರೆ ಎಲ್ಲರಿಗಿಂತ ಕೆಳಗಿನವನು. ನೀರು ಹೊರುವ ಭಿಸ್ತಿ, ಅಡುಗೆಯವನು, ಕುದುರೆ ಕಾಯುವವನು, ಹೇಸರಗತ್ತೆ ಹೊಡೆಯುವವನು, ಕಸ ಗುಡಿಸುವವನು, ಗಾಯಾಳು ಹೊರುವವನು, ಎಲ್ಲರೂ ಒಂದೇ ಪಟ್ಟಿ. ಗುಂಡು ಇವರನ್ನು ಬಿಟ್ಟು ಬರೀ ಸೈನಿಕರಿಗೆ ಬೀಳುತ್ತಿರಲಿಲ್ಲ. ಆದರೆ ಸಂಬಳ, ಪಿಂಚಣಿ, ಬಟ್ಟೆ ಎಲ್ಲದರಲ್ಲೂ ಇವರಿಗೆ ಬೇರೆ ಅಳತೆ.

ಪದಕದಲ್ಲೂ ಅಷ್ಟೇ. 19ನೇ ಶತಮಾನದ ಕೊನೆಯ ಹೊತ್ತಿಗೆ ವಾಯವ್ಯ ಗಡಿಯ ಯುದ್ಧಗಳಿಗೆ ಕೊಟ್ಟ ಸೇವಾ ಪದಕಗಳಲ್ಲಿ ಎರಡು ಲೋಹ: ಸೈನಿಕನಿಗೆ ಬೆಳ್ಳಿ, ಫಾಲೋವರ್‌ಗೆ ಕಂಚು. ಅಚ್ಚು ಅದೇ, ಯುದ್ಧ ಅದೇ, ಬೆಟ್ಟ ಅದೇ. ಲೋಹ ಮಾತ್ರ ಬೇರೆ. 1908ರಲ್ಲಿ ಬಂದ ಇಂಡಿಯಾ ಜನರಲ್ ಸರ್ವಿಸ್ ಮೆಡಲ್‌ನಲ್ಲೂ 1911-12ರ ಅಬೋರ್ ದಂಡಯಾತ್ರೆಯವರೆಗೆ ಈ ಪದ್ಧತಿ ನಡೆದು ಆಮೇಲೆ ನಿಂತಿತು. ಆದರೆ ಮೊದಲ ಮಹಾಯುದ್ಧ ಮುಗಿದು ಬ್ರಿಟಿಷ್ ವಾರ್ ಮೆಡಲ್ ಹಂಚುವಾಗ ಕಂಚು ಮತ್ತೆ ಬಂತು. ಬೆಳ್ಳಿಯವು ಸುಮಾರು 65 ಲಕ್ಷ. ಕಂಚಿನವು ಸುಮಾರು 1 ಲಕ್ಷ 10 ಸಾವಿರ. ಕಂಚು ಹೋಗಿದ್ದು ಚೀನೀ, ಮಾಲ್ಟಾದ, ಭಾರತೀಯ ಲೇಬರ್ ದಳಗಳಂಥವರಿಗೆ.

ಕಾಕಾನ ಅಜ್ಜನ ಬಿಲ್ಲಾ ಅದೇ.

ಅಜ್ಜ ಹೋಗಿದ್ದ ಮೆಸೊಪೊಟೇಮಿಯಾ ಎಂಥಾ ಜಾಗ ಅಂತಲೂ ಸ್ವಲ್ಪ ನೋಡೋಣ. 1915ರ ನವೆಂಬರ್‌ನಲ್ಲಿ ಬಾಗ್ದಾದ್ ಹಿಡಿಯೋಕೆ ಹೊರಟ ಭಾರತದ 6ನೇ ಪುಣೆ ಡಿವಿಜನ್ ಟೆಸಿಫಾನ್ ಹತ್ತಿರ ತುರ್ಕಿ ಸೈನ್ಯಕ್ಕೆ ಎದುರಾಯಿತು. ಆ ಡಿವಿಜನ್ನಿನ ಮೂರೂ ಬ್ರಿಗೇಡುಗಳಲ್ಲಿ ಒಂದೊಂದು ಮರಾಠಾ ಪಲ್ಟನ್ ಇತ್ತು: 103, 110, 117. ನಾಲ್ಕು ಸಾವಿರಕ್ಕಿಂತ ಹೆಚ್ಚು ಜನ ಸತ್ತರು ಅಥವಾ ಗಾಯಗೊಂಡರು. ಗಾಯಾಳುಗಳನ್ನು ಸಾಗಿಸೋಕೆ ಇದ್ದಿದ್ದು ಸ್ಪ್ರಿಂಗ್ ಇಲ್ಲದ ಸರಕಿನ ಗಾಡಿಗಳು. ಮುರಿದ ಕಾಲಿನವನನ್ನು ಆ ಗಾಡಿಯಲ್ಲಿ ಹಾಕಿ ಹೊಲದ ಮೇಲೆ ಓಡಿಸಿದರೆ ಏನಾಗುತ್ತೆ ಅಂತ ಕಬ್ಬಿನ ಗಾಡಿ ಹತ್ತಿದ ನಮ್ಮ ಕಡೆಯ ಹುಡುಗರಿಗೆ ಬಿಡಿಸಿ ಹೇಳಬೇಕಿಲ್ಲ. ಟೈಗ್ರಿಸ್ ನದಿ ಮುಟ್ಟಿದ ಮೇಲೆ ಕಿಕ್ಕಿರಿದ ದೋಣಿಗಳಲ್ಲಿ ದಿನಗಟ್ಟಲೆ ಪ್ರಯಾಣ. ಇದೆಲ್ಲದರ ವಿಚಾರಣೆಗೆ ಮೆಸೊಪೊಟೇಮಿಯಾ ಆಯೋಗ ಕೂತಿತು. 1917ರಲ್ಲಿ ಅದರ ವರದಿ ಬಂದಾಗ ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲಿನ್ ರಾಜೀನಾಮೆ ಕೊಟ್ಟ. ಆ ದೇಶದಲ್ಲಿ ಒಬ್ಬ ಗಾಯಾಳುವನ್ನು ಹೆಗಲ ಮೇಲೆ ಹೊರೋದು ಅಂದ್ರೆ ಅವನ ಜೀವವನ್ನೇ ಹೊತ್ತ ಹಾಗೆ.

ಆದರೆ ಅಂಚಿನಲ್ಲಿ ಕೆತ್ತಿದ್ದು ಲೇಬರ್ ಕೋರ್ ಅಂತ. ಪದಕ ಕೊಡೋರು ನೋಡಿದ್ದು ಅವನು ಏನು ಮಾಡಿದ ಅನ್ನೋದನ್ನಲ್ಲ. ಅವನು ಯಾವ ಪಟ್ಟಿಯಲ್ಲಿದ್ದ ಅನ್ನೋದನ್ನ.

ಯಾವ ಪಟ್ಟಿಗೆ ಯಾರು ಸೇರಬೇಕು ಅನ್ನೋದನ್ನು ನಿರ್ಧರಿಸುತ್ತಿದ್ದುದು ಬಹಳಷ್ಟು ಸಲ ಹುಟ್ಟು. ಬ್ರಿಟಿಷರು 'ಯೋಧ ಜನಾಂಗ'ಗಳ ಒಂದು ಪಟ್ಟಿ ಇಟ್ಟುಕೊಂಡಿದ್ದರು. ನಮ್ಮ ಭಾಗದ ಮಹಾರ್ ಸಮುದಾಯದ ಕಥೆ ನೋಡಿ. ಕಂಪನಿಯ ಬಾಂಬೆ ಸೈನ್ಯದಲ್ಲಿ ಅವರು ದೊಡ್ಡ ಸಂಖ್ಯೆಯಲ್ಲಿದ್ದರು. ಅಂಬೇಡ್ಕರ್ ಅವರ ತಂದೆ ರಾಮಜಿ ಸಕ್ಪಾಳ್ ಸುಬೇದಾರ್ ಆಗಿದ್ದವರು. 19ನೇ ಶತಮಾನದ ಕೊನೆಯಲ್ಲಿ ಆ ಸಮುದಾಯದ ಭರ್ತಿಯನ್ನೇ ನಿಲ್ಲಿಸಿದರು. ಮಹಾಯುದ್ಧಕ್ಕೆ ಜನ ಸಾಲದೆ 1917ರಲ್ಲಿ 111ನೇ ಮಹಾರ್ ಪಲ್ಟನ್ ಕಟ್ಟಿದರು, ಯುದ್ಧ ಮುಗಿದ ಮೇಲೆ 1921ರಲ್ಲಿ ವಿಸರ್ಜಿಸಿದರು. ಮತ್ತೆ ಜನ ಬೇಕಾಗಿದ್ದು ಎರಡನೇ ಮಹಾಯುದ್ಧಕ್ಕೆ. 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಲ್ಟನ್ ಹುಟ್ಟಿದ್ದು ಬೇರೆಲ್ಲೂ ಅಲ್ಲ, ಬೆಳಗಾವಿಯಲ್ಲಿ. ಸೈನಿಕನಾಗುವ ಬಾಗಿಲು ಮುಚ್ಚಿದ್ದಷ್ಟು ದಿನ ಇಂಥವರಿಗೆ ಉಳಿದಿದ್ದು ಹೊರೋದು, ತೊಳೆಯೋದು, ಗುಡಿಸೋದು. ಹೊತ್ತಿದ್ದಕ್ಕೆ ಕಂಚು.

ಬೆಳಗಾವಿ ಅಂದಾಗ ಎಲ್ಲರಿಗೂ ನೆನಪಾಗೋದು 1924ರ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಟಿಳಕವಾಡಿಯಲ್ಲಿ ಅವತ್ತು ತೋಡಿದ ಕಾಂಗ್ರೆಸ್ ಬಾವಿ ಇವತ್ತಿಗೂ ಇದೆ. ಆದರೆ ಅಲ್ಲಿ ವೇದಿಕೆಯ ಮೇಲೆ ಕೂತಿದ್ದ ಆ ಮನುಷ್ಯ ಒಬ್ಬ ಮಾಜಿ ಸ್ಟ್ರೆಚರ್ ಬೇರರ್, ಯುದ್ಧ ಪದಕ ಪಡೆದವರು, ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ?

1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ಶುರುವಾದಾಗ ಗಾಂಧೀಜಿ ನೇಟಾಲಿನಲ್ಲಿ ಭಾರತೀಯರ ಆಂಬುಲೆನ್ಸ್ ದಳ ಕಟ್ಟಿದರು. ಒಟ್ಟು ಸುಮಾರು 1,100 ಜನ. ಅದರಲ್ಲಿ 300ರಷ್ಟು ಸ್ವತಂತ್ರ ಭಾರತೀಯರು, ಉಳಿದವರು ಕರಾರಿನ ಕೂಲಿಗಳು. ಸ್ಪಿಯಾನ್ ಕಾಪ್ ಬೆಟ್ಟದ ಯುದ್ಧದ ಹೊತ್ತಿಗೆ ಗುಂಡು ಬೀಳುವ ಜಾಗದೊಳಗೂ ಹೋಗಿ ಗಾಯಾಳುಗಳನ್ನು ತಂದರು. ಒಂದೊಂದು ದಿನ 20-25 ಮೈಲಿ ಸ್ಟ್ರೆಚರ್ ಹೊತ್ತು ನಡೆದಿದ್ದುಂಟು. ಸೇನಾಪತಿ ಬುಲ್ಲರ್ ತನ್ನ ವರದಿಯಲ್ಲಿ ಈ ದಳವನ್ನು ಮೆಚ್ಚಿ ಬರೆದ. ಪದಕ ಬಂತು. ಎಷ್ಟು ಜನಕ್ಕೆ? ದಳದ 37 ನಾಯಕರಿಗೆ. ಈ ಸಂಖ್ಯೆ ದಾಖಲಿಸಿದ್ದು ಗಾಂಧೀಜಿಯೇ.

1,100ರಲ್ಲಿ 37. ಸ್ಟ್ರೆಚರಿನ ಭಾರ ಮಾತ್ರ ಎಲ್ಲರ ಹೆಗಲಿಗೂ ಒಂದೇ.

1906ರಲ್ಲಿ ಜುಲು ದಂಗೆಯ ಸಮಯದಲ್ಲಿ ಗಾಂಧೀಜಿ ಮತ್ತೆ ಒಂದು ಸಣ್ಣ ಸ್ಟ್ರೆಚರ್ ದಳ ಕಟ್ಟಿಕೊಂಡು ಹೋದರು. ಅಲ್ಲಿ ಅವರು ಹೆಚ್ಚಾಗಿ ಆರೈಕೆ ಮಾಡಿದ್ದು ಚಾಟಿ ಏಟು ತಿಂದ ಜುಲು ಜನರನ್ನ. ಬಿಳಿಯರು ಅವರನ್ನು ಮುಟ್ಟೋಕೂ ತಯಾರಿರಲಿಲ್ಲ. ಅದಕ್ಕೂ ಒಂದು ಪದಕ ಬಂತು. 1920ರ ಆಗಸ್ಟ್ 1ರಂದು, ಅಸಹಕಾರ ಚಳವಳಿ ಶುರುವಾದ ದಿನ, ಎರಡೂ ಯುದ್ಧ ಪದಕಗಳನ್ನೂ ಕೈಸರ್-ಇ-ಹಿಂದ್ ಚಿನ್ನದ ಪದಕವನ್ನೂ ವೈಸರಾಯ್‌ಗೆ ಹಿಂದಿರುಗಿಸಿದರು. ಪದಕ ವಾಪಸ್ ಕೊಡೋಕೂ ಮೊದಲು ಪದಕ ಸಿಕ್ಕಿರಬೇಕು. ಉಳಿದ ಸಾವಿರ ಜನಕ್ಕೆ ಆ ಅವಕಾಶವೂ ಇರಲಿಲ್ಲ.

ಹಾಗಂತ ವೈದ್ಯರಿಗೆ ಶೌರ್ಯ ಪದಕ ಸಿಗುತ್ತಿರಲಿಲ್ಲ ಅಂದ್ಕೋಬೇಡಿ. ವಿಕ್ಟೋರಿಯಾ ಕ್ರಾಸನ್ನು ಎರಡು ಸಲ ಪಡೆದವರು ಇತಿಹಾಸದಲ್ಲೇ ಮೂರು ಜನ. ಅವರಲ್ಲಿ ಇಬ್ಬರು ವೈದ್ಯರು: ಆರ್ಥರ್ ಮಾರ್ಟಿನ್-ಲೀಕ್ ಮತ್ತು ನೋಯೆಲ್ ಚವಾಸ್. ಮೆಸೊಪೊಟೇಮಿಯಾದಲ್ಲೇ 1916ರ ಜನವರಿಯಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಜಾನ್ ಸಿಂಟನ್, ಮೈತುಂಬ ಗಾಯವಾದರೂ ಕತ್ತಲಾಗುವವರೆಗೆ ಗಾಯಾಳುಗಳನ್ನು ಬಿಟ್ಟು ಕದಲದೆ ಅದೇ ಪದಕ ಪಡೆದ. ತೊಂದರೆ ಇದ್ದಿದ್ದು ಚಿಕಿತ್ಸೆಯ ಕೆಲಸಕ್ಕಲ್ಲ. ಡಾಕ್ಟರ್ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಡಾಕ್ಟರ್ ಹತ್ತಿರ ಗಾಯಾಳುವನ್ನು ತಂದು ಮಲಗಿಸಿದವನು ಬೀಳಲ್ಲ.

ಇದು ಬರೀ ಬ್ರಿಟಿಷರ ರೋಗವೂ ಅಲ್ಲ. ಅಮೆರಿಕದ ಸೈನ್ಯ 1943ರಲ್ಲಿ ಯುದ್ಧಕ್ಕಿಳಿದ ಪಾಯದಳದವರಿಗೆ ಒಂದು ಬ್ಯಾಡ್ಜ್ ಶುರು ಮಾಡಿತು, ಆಮೇಲೆ ಅದರ ಜೊತೆ ತಿಂಗಳಿಗೆ 10 ಡಾಲರ್ ಹೆಚ್ಚುವರಿ ಸಂಬಳವನ್ನೂ ಸೇರಿಸಿತು. ಅದೇ ಕಂದಕದಲ್ಲಿ ಇದ್ದ ಮೆಡಿಕ್‌ಗೆ ಇಲ್ಲ, ಯಾಕಂದ್ರೆ ಅವನು ಪಾಯದಳದವನಲ್ಲ. ಮೆಡಿಕ್‌ಗಳಿಗೆ ಅಂತಲೇ ಬೇರೆ ಬ್ಯಾಡ್ಜ್ ಬಂದಿದ್ದು 1945ರಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದೂಕು ಮುಟ್ಟದ ಮೆಡಿಕ್ ಡೆಸ್ಮಂಡ್ ಡಾಸ್‌ಗೆ ಆ ದೇಶದ ಅತಿ ದೊಡ್ಡ ಶೌರ್ಯ ಪದಕ ಸಿಕ್ಕಿತು. 'ಹ್ಯಾಕ್‌ಸಾ ರಿಜ್' ಸಿನಿಮಾ ನೋಡಿದವರಿಗೆ ಈ ಹೆಸರು ಗೊತ್ತಿರುತ್ತೆ.

ನಮ್ಮಲ್ಲಿ ಬದಲಾವಣೆ ಮೆಲ್ಲಗೆ ಬಂತು. 1920ರಲ್ಲಿ ಆರ್ಮಿ ಬೇರರ್ ಕೋರ್ ಮತ್ತು ಆರ್ಮಿ ಹಾಸ್ಪಿಟಲ್ ಕೋರ್ ಎರಡನ್ನೂ ಸೇರಿಸಿ ಇಂಡಿಯನ್ ಹಾಸ್ಪಿಟಲ್ ಕೋರ್ ಮಾಡಿದರು. 1943ರ ಏಪ್ರಿಲ್ 3ರಂದು ಡಾಕ್ಟರ್‌ಗಳ ಮೆಡಿಕಲ್ ಸರ್ವಿಸ್, ಸಹಾಯಕ ಸರ್ಜನ್‌ಗಳ ಮೆಡಿಕಲ್ ಡಿಪಾರ್ಟ್‌ಮೆಂಟ್, ಈ ಹಾಸ್ಪಿಟಲ್ ಕೋರ್ ಮೂರೂ ಒಂದಾಗಿ ಇವತ್ತಿನ ಆರ್ಮಿ ಮೆಡಿಕಲ್ ಕೋರ್‌ನ ಮೂಲರೂಪ ಹುಟ್ಟಿತು. ಆಪರೇಷನ್ ಮಾಡುವವನೂ ಸ್ಟ್ರೆಚರ್ ಹೊರುವವನೂ ಒಂದೇ ಕೋರ್‌ನ ಜನ ಆಗಿದ್ದು ಹೀಗೆ.

ದೊಡ್ಡ ಹೆಜ್ಜೆ 1950ರ ಜನವರಿ 26ರದು. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ ಸ್ಥಾಪಿಸಿದಾಗ ಯಾರು ಅರ್ಹರು ಅಂತ ನಿಯಮದಲ್ಲಿ ಬರೆದರು. ಮೊದಲನೆಯದಾಗಿ ಮೂರೂ ಪಡೆಗಳ ಎಲ್ಲ ದರ್ಜೆಯ ಗಂಡಸರು, ಹೆಂಗಸರು. ಎರಡನೆಯದಾಗಿ ಮೇಟ್ರನ್‌ಗಳು, ಸಿಸ್ಟರ್‌ಗಳು, ನರ್ಸ್‌ಗಳು, ಆಸ್ಪತ್ರೆ ಮತ್ತು ಶುಶ್ರೂಷೆಗೆ ಸೇರಿದ ಸೇವೆಗಳ ಸಿಬ್ಬಂದಿ, ಜೊತೆಗೆ ಈ ಪಡೆಗಳ ಆದೇಶದಡಿ ಕಾಯಂ ಆಗಿಯೋ ತಾತ್ಕಾಲಿಕವಾಗಿಯೋ ಕೆಲಸ ಮಾಡುವ ನಾಗರಿಕರು. ತಾತ್ಕಾಲಿಕ ನಾಗರಿಕ ಅನ್ನೋ ಮಾತು ಗಮನಿಸಿ. ಲಕ್ನೋದ ಡೋಲಿಯವನು ಇವತ್ತು ಇದ್ದಿದ್ದರೆ ಅವನೂ ಪರಮವೀರ ಚಕ್ರಕ್ಕೆ ಅರ್ಹ. ಕಾಗದದ ಮೇಲಿನ ಒಂದು ಸಾಲು ಇಷ್ಟು ದೂರ ಬರೋಕೆ 90 ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಆ ಸಾಲು ಬರೀ ಅಲಂಕಾರ ಅಲ್ಲ ಅಂತ ಅದೇ ವರ್ಷ ಗೊತ್ತಾಯಿತು. ಕೊರಿಯಾ ಯುದ್ಧಕ್ಕೆ ಭಾರತ ಹೊಡೆದಾಡುವ ಸೈನ್ಯ ಕಳಿಸಲಿಲ್ಲ. ಕಳಿಸಿದ್ದು 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಅನ್ನೋ ವೈದ್ಯಕೀಯ ಘಟಕ, ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ನೇತೃತ್ವದಲ್ಲಿ. 1950ರ ನವೆಂಬರ್‌ನಲ್ಲಿ ಅವರು ಪುಸಾನ್ ಮುಟ್ಟಿದರು. ಡಿಸೆಂಬರ್‌ನಲ್ಲಿ ಪ್ಯಾಂಗ್ಯಾಂಗ್ ಬಿಟ್ಟು ಎಲ್ಲರೂ ಹಿಂದೆ ಸರಿಯುವಾಗ, ಆಸ್ಪತ್ರೆಯ ಸಾಮಾನು ಬಿಟ್ಟು ಬರೋಕೆ ಮನಸ್ಸಾಗದೆ, ಒಂದು ಹಳೇ ಉಗಿಬಂಡಿ ಹುಡುಕಿ ತಾವೇ ಓಡಿಸಿಕೊಂಡು ಬಂದರು. 1951ರ ಮಾರ್ಚ್‌ನಲ್ಲಿ ಮುನ್ಸಾನ್-ನಿಯಲ್ಲಿ ಅಮೆರಿಕದ ಪ್ಯಾರಾಟ್ರೂಪರ್‌ಗಳ ಜೊತೆ ಈ ಘಟಕದ 12 ಜನ ವಿಮಾನದಿಂದ ಹಾರಿದರು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ಘಟಕದ ಇನ್ನೂ ಹಲವರಿಗೆ ಶೌರ್ಯ ಪದಕಗಳು ಬಂದವು. 2010ರ ಫೆಬ್ರವರಿಯಲ್ಲಿ ಕಾಬೂಲ್‌ನಲ್ಲಿ ಆತ್ಮಾಹುತಿ ದಾಳಿಕೋರನನ್ನು ಬರಿಗೈಯಲ್ಲಿ ತಬ್ಬಿ ಹಿಡಿದು ಪ್ರಾಣ ಬಿಟ್ಟ ಮೇಜರ್ ಲೈಶ್ರಾಮ್ ಜ್ಯೋತಿನ್ ಸಿಂಗ್ ಕೂಡ ಇದೇ ಮೆಡಿಕಲ್ ಕೋರ್‌ನ ಡಾಕ್ಟರ್. ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ.

ಈಗ ಕಾಕಾನ ಪ್ರಶ್ನೆಗೆ ಬರೋಣ.

ದೀಪಾವಳಿಗೆ ಊರಿಗೆ ಹೋದಾಗ ಕಾಕಾನ ಡಿಸ್ಚಾರ್ಜ್ ಬುಕ್ ಇಬ್ಬರೂ ಕೂತು ನೋಡಿದೆವು. ಯಾವ ಪದಕಗಳಿಗೆ ಅವರು ಅರ್ಹರು ಅಂತ ಅದರಲ್ಲೇ ಬರೆದಿತ್ತು. 1971ರ ಡಿಸೆಂಬರ್‌ನಲ್ಲಿ ಪೋಸ್ಟಿಂಗ್ ಪುಣೆ. ಪುಣೆ ಯುದ್ಧ ವಲಯವಲ್ಲ.

"ಸ್ಟಾರ್ ಬರಂಗಿಲ್ಲ ಕಾಕಾ," ಅಂದೆ. ಹೇಳೋಕೆ ಕಷ್ಟ ಆಯ್ತು.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾ ನರ್ಸಿಂಗ್‌ದಾಂವ ಅಂತ ಬಿಟ್ಟಾರೇನು?"

"ಇಲ್ಲರಿ. ನೀವು ಗಡಿಯೊಳಗ ಫೀಲ್ಡ್ ಆಂಬುಲೆನ್ಸಿನ್ಯಾಗ ಇದ್ದಿದ್ರ ನಿಮಗೂ ಬರ್ತಿತ್ತು. ಬಂದೂಕು ಹಿಡದಾಂವ ಪುಣೇದಾಗ ಇದ್ದಿದ್ರ ಅವಂಗೂ ಬರ್ತಿದ್ದಿಲ್ಲ."

"ಅಂದ್ರ ಮರ್ತು ಬಿಟ್ಟಿಲ್ಲ?"

"ಮರ್ತಿಲ್ಲ."

"ಹಂಗಾದ್ರ ಆತು ಬಿಡು."

ಅವರ ಮುಖ ನಿಜಕ್ಕೂ ಹಗುರಾಯಿತು. 50 ವರ್ಷ ಅವರನ್ನು ಕಾಡಿದ್ದು ಸ್ಟಾರ್ ಇಲ್ಲ ಅನ್ನೋದಲ್ಲ, ತನ್ನ ಕೆಲಸವನ್ನು ಯುದ್ಧದ ಕೆಲಸ ಅಂತ ಯಾರೂ ಎಣಿಸಲಿಲ್ಲವೇನೋ ಅನ್ನೋ ಅನುಮಾನ. ಆಮೇಲೆ ಅಜ್ಜನ ಬಿಲ್ಲಾದ ಕಥೆ ಹೇಳಿದೆ, ಬೆಳ್ಳಿ ಯಾರಿಗೆ, ಕಂಚು ಯಾರಿಗೆ ಅಂತ. ಅದನ್ನು ಕೇಳಿ ಅವರಿಗೆ ಸಿಟ್ಟು ಬಂತು. ನನಗೂ ಅದೇ ಸರಿ ಅನ್ನಿಸಿತು.

ಯಾಕಂದ್ರೆ ಎರಡು ಗೆರೆಗಳೂ ಒಂದೇ ಅಲ್ಲ. ಕಾಕಾನನ್ನು ಹೊರಗಿಟ್ಟ ಗೆರೆ ನಕ್ಷೆಯ ಮೇಲಿನದು. ಯುದ್ಧ ವಲಯ ಎಲ್ಲಿ ಮುಗಿಯುತ್ತೆ ಅಂತ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಎಲ್ಲಿ ಎಳೆದರೂ ಯಾರೋ ಒಬ್ಬ ಕಷ್ಟಪಟ್ಟವನು ಆಚೆ ಉಳಿಯುತ್ತಾನೆ. ಅದು ಬೇಜಾರು, ಆದರೆ ಅವಮಾನ ಅಲ್ಲ. ಅಜ್ಜನನ್ನು ಹೊರಗಿಟ್ಟ ಗೆರೆ ಮನುಷ್ಯರ ಮೇಲೆ ಎಳೆದಿದ್ದು. ಅಜ್ಜ ಗಡಿಯೊಳಗೇ ಇದ್ದ, ಯುದ್ಧದೊಳಗೇ ಇದ್ದ, ಆದರೂ ಅವನು ಇಂಥವನು ಅನ್ನೋ ಕಾರಣಕ್ಕೆ ಲೋಹ ಬದಲಾಯಿತು. 1950ರ ಆ ನಿಯಮ ಅಳಿಸಿದ್ದು ಈ ಎರಡನೇ ಗೆರೆಯನ್ನ. ಅಜ್ಜನಿಗೂ ಮೊಮ್ಮಗನಿಗೂ ಮಧ್ಯೆ ದೇಶ ಎಷ್ಟು ದೂರ ನಡೆದಿದೆ ಅಂತ ಅಳೆಯೋಕೆ ನನಗೆ ಇದಕ್ಕಿಂತ ಒಳ್ಳೆ ಅಳತೆಗೋಲು ಸಿಕ್ಕಿಲ್ಲ.

ನಿಮ್ಮಲ್ಲೂ ಹಲವರ ಊರಿನ ಮನೆಯಲ್ಲಿ ಒಂದು ತಗಡಿನ ಟ್ರಂಕು ಇರುತ್ತೆ. ಮುಂದಿನ ರಜೆಯಲ್ಲಿ ತೆಗೆದು ನೋಡಿ. ಪದಕ ಸಿಕ್ಕರೆ ತೂಕ ಹಾಕಿಸೋಕೆ ಮೊದಲು ಅಂಚು ಓದಿ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಬ್ರಾಸೊ ಹಚ್ಚಿ ಗಸಗಸ ಉಜ್ಜಬೇಡಿ, ಅಕ್ಷರ ಸವೆದು ಹೋಗುತ್ತವೆ. ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಅವರ ಡಿಸ್ಚಾರ್ಜ್ ಬುಕ್ ಬಿಡಿಸಿ ಅವರ ಜೊತೆಗೇ ಓದಿ. ಅರ್ಹತೆ ಇದ್ದೂ ಕೈಗೆ ಬಾರದ ಪದಕ ಕಂಡುಬಂದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ, ಅವರವರ ಕೋರ್‌ನ ದಾಖಲೆ ಕಚೇರಿಗೆ ಬರೆಯಿರಿ. ಮೆಡಿಕಲ್ ಕೋರ್‌ನದು ಲಕ್ನೋದಲ್ಲಿದೆ. ಹೌದು, ಅದೇ ಲಕ್ನೋ.

ಕಾಕಾ ಅಜ್ಜನ ಬಿಲ್ಲಾವನ್ನು ಈಗ ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದಾರೆ. ಅಂಚಿನ ಅಕ್ಷರ ಅವರಿಗೆ ಈಗ ಕಾಣಲ್ಲ. ಹೆಸರು, ನಂಬರು ಒಂದು ಹಾಳೆಯಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಡು ಅಂದರು. ಬರೆದುಕೊಟ್ಟೆ. ಲೇಬರ್ ಕೋರ್ ಅನ್ನೋದರ ಕೆಳಗೆ ಇನ್ನೊಂದು ಸಾಲು ಸೇರಿಸು ಅಂದರು: 'ಗಾಯಾಳುಗಳನ್ನು ಹೊತ್ತವರು.'

ಅದನ್ನೂ ಬರೆದೆ.